ಹಸಿರು ಪರದೆಯ ಮುಂದೆ ತೆಗೆದ ಹನುಮಂತ ಬೆಟ್ಟಕ್ಕೆ ಅಂಟಿಸಿದ ಚಿತ್ರದಂತೆ ಕಾಣುತ್ತಾನೆ, ಸರಿಪಡಿಸುವುದು ಹೇಗೆ?

ತುಂಗಾತೀರ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಮ್ಮೂರ ದೊಡ್ಡಾಟದ ಮೇಳದವರಿಗಾಗಿ ಮೂರು ನಿಮಿಷದ ಒಂದು ವಿಡಿಯೊ ಮಾಡುತ್ತಿದ್ದೇನೆ. ಹನುಮಂತನ ಪಾತ್ರಧಾರಿ ಅಂಜನಾದ್ರಿ ಬೆಟ್ಟದ ಕಡೆಯಿಂದ ಹಾರಿ ಬಂದು ಹೊಳೆಯ ಈಚೆ ದಂಡೆಯ ಬಂಡೆಯ ಮೇಲೆ ಇಳಿಯಬೇಕು. ಬೆಟ್ಟದ ದೃಶ್ಯವನ್ನು ಸಂಜೆ ನಾಲ್ಕೂವರೆಗೆ ಹೊಳೆದಂಡೆಯಿಂದ ತೆಗೆದೆ. ಪಾತ್ರಧಾರಿಯನ್ನು ಮರುದಿನ ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲೆ ಹಸಿರು ಬಟ್ಟೆ ಕಟ್ಟಿ, ಅದೇ ಬಟ್ಟೆ ಹೊದಿಸಿದ ಎತ್ತರದ ಬೆಂಚಿನ ಮೇಲೆ ಬೋರಲು ಮಲಗಿಸಿ ಫೋನಿನಲ್ಲಿ ಚಿತ್ರೀಕರಿಸಿದೆ. ಈಗ ನೇಟ್ರಾನ್ ಎಂಬ, ಚಿತ್ರಗಳನ್ನು ಜೋಡಿಸುವ ತಂತ್ರಾಂಶದಲ್ಲಿ ಎರಡನ್ನೂ ಕೂಡಿಸುತ್ತಿದ್ದೇನೆ.

ಬಿಳಿ ಧೋತರದ ಅಂಚಿನಲ್ಲೆಲ್ಲ ಹಸಿರು ಉಳಿದಿದೆ, ಕಿರೀಟದ ಬೇಗಡೆ ಹಸಿರಾಗಿ ಹೊಳೆಯುತ್ತಿದೆ. ಅದನ್ನು ಹೋಗಲಾಡಿಸಲು ಮ್ಯಾಟಿನ (ಯಾವ ಭಾಗ ಉಳಿಯಬೇಕು, ಯಾವುದು ಹೋಗಬೇಕು ಎಂದು ತೋರಿಸುವ ಚಿತ್ರ) ಕಪ್ಪು ಬಿಳುಪಿನ ಮಿತಿಗಳನ್ನು ಬಿಗಿ ಮಾಡಿದರೆ ಕೂದಲು ಕತ್ತರಿಯಿಂದ ಕತ್ತರಿಸಿದಂತಾಗುತ್ತದೆ. ಎಷ್ಟು ತಿದ್ದಿದರೂ ಅವನು ಆ ಬೆಟ್ಟದ ಮುಂದೆ ಇದ್ದಾನೆ ಎಂದು ಅನ್ನಿಸುವುದೇ ಇಲ್ಲ. ಎರಡು ಫ್ರೇಮ್ ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಕೋಟೆಬೆಟ್ಟ, ಬಳ್ಳಾರಿ

ತುಂಗಾತೀರ ಅವರೇ, ಎರಡೂ ಫ್ರೇಮ್ ನೋಡಿದೆ. ಅಂಚಿನ ಹಸಿರನ್ನು ಆಮೇಲೆ ನೋಡೋಣ. ನಿಮ್ಮ ಚಿತ್ರ ಸುಳ್ಳಾಗಿ ಕಾಣುತ್ತಿರುವುದಕ್ಕೆ ಮುಖ್ಯ ಕಾರಣ ಕೀ, ಅಂದರೆ ಹಸಿರನ್ನು ಗುರುತಿಸಿ ತೆಗೆಯುವ ಕೆಲಸ, ಅಲ್ಲ. ಅಂಚು ಎಷ್ಟೇ ಚೊಕ್ಕಟವಾದರೂ ಬೆಳಕು ಹೊಂದದಿದ್ದರೆ ನೋಡುವವರ ಕಣ್ಣು ಒಪ್ಪುವುದಿಲ್ಲ. ಬೆಳಕು ಹೊಂದಿದರೆ ಅಂಚಿನ ಸಣ್ಣ ಕುಂದನ್ನು ಅದೇ ಕಣ್ಣು ಮನ್ನಿಸಿಬಿಡುತ್ತದೆ. ಹೊಸಬರಲ್ಲಿ ಬಹಳ ಮಂದಿ ವಾರಗಟ್ಟಲೆ ಕೀಯನ್ನೇ ತಿದ್ದುತ್ತ ಕೂರುತ್ತಾರೆ, ಹಿನ್ನೆಲೆಯ ಪ್ಲೇಟಿನಲ್ಲಿ, ಅಂದರೆ ಹಿಂದೆ ಕೂರಿಸುವ ಮೂಲ ಚಿತ್ರದಲ್ಲಿ, ಏನಿದೆ ಎಂದು ಒಮ್ಮೆಯೂ ಅಳೆದು ನೋಡುವುದಿಲ್ಲ. ನಾನು ಮೊದಲ ಎರಡು ವರ್ಷ ಹಾಗೆಯೇ ಕಳೆದವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗಲೇ ಒಂದು ಕೆಲಸ ಮಾಡಿ. ಬೆಟ್ಟದ ಪ್ಲೇಟನ್ನು ಮಾತ್ರ ವ್ಯೂವರ್‌ನಲ್ಲಿ ತೆರೆದು, ಎರಡು ಬಂಡೆಗಳ ನಡುವಿನ ಅತ್ಯಂತ ಕತ್ತಲೆಯ ಸಂದಿನ ಮೇಲೆ ಮೌಸ್ ಇಟ್ಟು ಕೆಳಗೆ ಬರುವ ಅಂಕಿಗಳನ್ನು ಓದಿ. ನೀವು ಹಾಕಿದ ಫ್ರೇಮಿನಲ್ಲಿ ನನಗೆ ಸಿಕ್ಕಿದ್ದು ಕೆಂಪು 0.06, ಹಸಿರು 0.07, ನೀಲಿ 0.10 (ಮೂರೂ 0 ಎಂದರೆ ಕಪ್ಪು, ಮೂರೂ 1 ಎಂದರೆ ಬಿಳಿ). ಅಷ್ಟು ದೂರದ ಬೆಟ್ಟದಲ್ಲಿ ನಿಜವಾದ ಕಪ್ಪು ಎಂಬುದೇ ಇಲ್ಲ, ನಡುವಿನ ಗಾಳಿಯಲ್ಲಿ ಚದುರಿದ ಬೆಳಕು ಆ ಕಪ್ಪನ್ನು ಮೇಲೆತ್ತಿ ತುಸು ನೀಲಿಯಾಗಿಸಿದೆ. ನಿಮ್ಮ ಪಾತ್ರಧಾರಿಯ ಕೂದಲಾದರೋ ಮೂರು ಚಾನೆಲ್‌ಗಳಲ್ಲೂ 0.005ರಷ್ಟಿದೆ. ಬೆಟ್ಟದ ನೆತ್ತಿಯ ಬಳಿ ಇರಬೇಕಾದ ಮನುಷ್ಯ ಕ್ಯಾಮೆರಾದ ಮುಂದೆಯೇ ನಿಂತವನಷ್ಟು ಕಪ್ಪಗಿದ್ದಾನೆ.

ಈ ಮಬ್ಬನ್ನು ಲೆಕ್ಕ ಹಾಕಿಯೇ ಸೇರಿಸಬಹುದು. ಬೆಟ್ಟದ ಹಿಂದೆ, ದಿಗಂತಕ್ಕೆ ಹತ್ತಿರದ ಆಕಾಶದ ಬಣ್ಣವನ್ನು ತೆಗೆದುಕೊಳ್ಳಿ. ನಿಮ್ಮ ಪ್ಲೇಟಿನಲ್ಲಿ ಅದು ಸುಮಾರು 0.50, 0.55, 0.65 ಇದೆ. ಸಂದಿನ ಕಪ್ಪನ್ನು ಇದರಿಂದ ಭಾಗಿಸಿದರೆ ಮಬ್ಬಿನ ಪ್ರಮಾಣ ಶೇಕಡಾ 12ರಿಂದ 15 ಎಂದು ಬರುತ್ತದೆ. ಪಾತ್ರಧಾರಿಯ ಬಣ್ಣವನ್ನು ಶೇಕಡಾ 87ಕ್ಕೆ ಇಳಿಸಿ, ಆಕಾಶದ ಆ ಬಣ್ಣದ ಶೇಕಡಾ 13ನ್ನು ಅದಕ್ಕೆ ಕೂಡಿಸಿ. ಅವನು ಹತ್ತಿರ ಬಂದಂತೆ ಮಬ್ಬು ಕಡಿಮೆಯಾಗಬೇಕು. ಇದಕ್ಕೊಂದು ಸುಲಭ ಲೆಕ್ಕವಿದೆ: ಪರದೆಯಲ್ಲಿ ಅವನ ಗಾತ್ರ ಎರಡರಷ್ಟಾದರೆ ದೂರ ಅರ್ಧವಾಯಿತು ಎಂದರ್ಥ, ಮಬ್ಬು ಹೆಚ್ಚು ದಟ್ಟವಿಲ್ಲದಿದ್ದಾಗ ಅದೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ 13 ಇದ್ದದ್ದು ಆರೂವರೆ, ಅನಂತರ ಮೂರು, ಬಂಡೆಯ ಮೇಲೆ ಇಳಿಯುವ ಹೊತ್ತಿಗೆ ಸೊನ್ನೆಗೆ ಹತ್ತಿರ.

ಮಬ್ಬು ಯಾವಾಗಲೂ ನೀಲಿಯೇ ಎಂದುಕೊಳ್ಳಬೇಡಿ. ಸಂಡೂರಿನ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಪ್ಲೇಟ್ ತೆಗೆದರೆ ಅದೇ ಜಾಗದ ಅಂಕಿಗಳಲ್ಲಿ ಕೆಂಪು ಮೇಲಿರುತ್ತದೆ. ಯಾರದೋ ಪಾಠದಲ್ಲಿ ಕಂಡ ಅಂಕಿಗಳನ್ನು ಬಿಟ್ಟು ನಿಮ್ಮ ಪ್ಲೇಟಿನಿಂದಲೇ ಬಣ್ಣ ಎತ್ತಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾವ ತಂತ್ರಾಂಶವೂ ಸರಿಮಾಡದು. ಬೆಟ್ಟಕ್ಕೆ ಬಿಸಿಲು ಪಡುವಣದಿಂದ ಓರೆಯಾಗಿ ಬೀಳುತ್ತಿದೆ, ನಿಮ್ಮ ಹನುಮಂತನಿಗೆ ನೆತ್ತಿಯ ಮೇಲಿಂದ ಬಿದ್ದು ಮೂಗಿನ ಕೆಳಗೂ ಹುಬ್ಬಿನ ಕೆಳಗೂ ಗಾಢ ನೆರಳು ಕೂತಿದೆ. ಸಾಧ್ಯವಿದ್ದರೆ ಪಾತ್ರಧಾರಿಯನ್ನು ಸಂಜೆ ನಾಲ್ಕೂವರೆಗೇ, ಬೆಟ್ಟದಲ್ಲಿ ಅವನ ಮುಖ ಯಾವ ದಿಕ್ಕಿಗಿರಬೇಕೋ ಅದೇ ದಿಕ್ಕಿಗೆ ತಿರುಗಿಸಿ ಮತ್ತೆ ತೆಗೆಯಿರಿ. ಬೇರೆಲ್ಲವನ್ನೂ ಹೊಂದಿಸಬಹುದು, ಸೂರ್ಯ ಬಂದ ದಿಕ್ಕನ್ನು ಹೊಂದಿಸಲಾಗುವುದಿಲ್ಲ.

ಬಿಸಿಲೂರು, ರಾಯಚೂರು

ಮತ್ತೆ ತೆಗೆಯುವುದೇ ಆದರೆ ಫೋನಿನ ವಿಷಯದಲ್ಲಿ ನನ್ನದೂ ಒಂದು ಸಲಹೆ. ಮುಗಿದ ವಿಡಿಯೊ 1920×1080 ಇರುತ್ತದಾದರೂ ಚಿತ್ರೀಕರಣವನ್ನು 3840×2160ರಲ್ಲಿ ಮಾಡಿ. ಫೋನಿನ ಸಾಮಾನ್ಯ ವಿಡಿಯೊ 4:2:0 ಎಂಬ ಕ್ರಮದಲ್ಲಿ ಉಳಿಯುತ್ತದೆ, ಅಂದರೆ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇದ್ದರೆ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಇರುತ್ತದೆ. ಕೀ ಮಾಡುವುದು ಬಣ್ಣವನ್ನು ನೆಚ್ಚಿಕೊಂಡೇ ಆದ್ದರಿಂದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಆದರೆ 3840×2160ರಲ್ಲಿ ಬಣ್ಣದ ಮಾಹಿತಿಯೇ 1920×1080ರಷ್ಟು ಇರುವುದರಿಂದ, ಅರ್ಧಕ್ಕೆ ಇಳಿಸಿದಾಗ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ ದೊರೆಯುತ್ತದೆ.

ಫೋನಿನ ಆ್ಯಪ್‌ನಲ್ಲಿ ಶಾರ್ಪ್‌ನೆಸ್ ತಗ್ಗಿಸುವ ಅವಕಾಶವಿದ್ದರೆ ಪೂರ್ತಿ ತಗ್ಗಿಸಿ. ಫೋನ್ ತಾನಾಗಿ ಬರೆಯುವ ಕಪ್ಪು ಬಿಳಿ ಗೆರೆ ಅಂಚಿಗೆ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ. ಶಟರ್ 1/50 ಸೆಕೆಂಡ್, ಸೆಕೆಂಡಿಗೆ 25 ಫ್ರೇಮ್. ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ. ಫೋನುಗಳು ಫ್ರೇಮ್ ದರವನ್ನು ನಡುನಡುವೆ ಏರಿಳಿಸುವುದುಂಟು, ಆದ್ದರಿಂದ ಕೆಲಸ ಆರಂಭಿಸುವ ಮೊದಲು ವಿಡಿಯೊವನ್ನು ಸ್ಥಿರವಾದ 25 ಫ್ರೇಮಿಗೆ ಪರಿವರ್ತಿಸಿ ಚಿತ್ರಸರಣಿಯಾಗಿ ಬಿಡಿಸಿಕೊಳ್ಳಿ.

ಬಟ್ಟೆಗೂ ಪಾತ್ರಧಾರಿಗೂ ಎಂಟು ಹತ್ತು ಅಡಿ ಅಂತರವಿರಲಿ. ಧೋತರಕ್ಕೆ ಹಸಿರು ಬಡಿದಿರುವುದು ಅವರನ್ನು ಆ ಬಟ್ಟೆಯ ಮೇಲೆಯೇ ಮಲಗಿಸಿದ್ದರಿಂದ. ಬೆಂಚನ್ನು ಅವರ ಹೊಟ್ಟೆಯ ಅಗಲಕ್ಕಿಂತ ಕಿರಿದು ಮಾಡಿ, ಅದಕ್ಕಷ್ಟೇ ಹಸಿರು ಹೊದಿಸಿ, ನೆಲದ ಮೇಲಿನ ಹಸಿರನ್ನು ತೆಗೆದುಬಿಡಿ. ನೆಲ ಕಾಣುವ ಜಾಗವನ್ನು ಗೆರೆ ಎಳೆದು ಕಡಿದರಾಯಿತು.

ತುಂಗಾತೀರ, ಗಂಗಾವತಿ

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಸಂಜೆ ಮತ್ತೆ ತೆಗೆಯಲು ಮೇಳದವರು ಒಪ್ಪಿದ್ದಾರೆ. ಅಲ್ಲಿಯವರೆಗೆ ಹಳೆಯ ಚಿತ್ರದ ಮೇಲೆಯೇ ಅಭ್ಯಾಸ ಮಾಡುತ್ತಿದ್ದೇನೆ. ಮಬ್ಬು ಸೇರಿಸಿದೊಡನೆ ಹನುಮಂತ ನಿಜಕ್ಕೂ ಹಿಂದಕ್ಕೆ ಸರಿದು ಬೆಟ್ಟದ ಬಳಿ ಹೋದಂತಾಯಿತು, ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಆದರೆ ಕೋಟೆಬೆಟ್ಟ ಸರ್, ಅವನ ಸುತ್ತ ಆಕಾಶದಲ್ಲಿ ನಸು ಬೆಳ್ಳಗಿನ ಒಂದು ಚೌಕ ಮೂಡಿದೆ. ಕೀ ಮಾಡಿ ತೆಗೆದುಹಾಕಿದ ಜಾಗ ಅದು, ಅಲ್ಲಿ ಏನೂ ಇರಬಾರದಲ್ಲವೇ? ಮತ್ತೆ, ಹಸಿರು ಕಳೆಯುವ ನೋಡ್ (ತಂತ್ರಾಂಶದಲ್ಲಿ ಒಂದೊಂದು ಕೆಲಸ ಮಾಡುವ ಘಟಕ) ಹಾಕಿದಾಗ ಧೋತರ ಚೆನ್ನಾಯಿತು, ಆದರೆ ಚಿನ್ನದ ಬಣ್ಣದ ಕಿರೀಟ ತಾಮ್ರದಂತಾಯಿತು.

ಕೋಟೆಬೆಟ್ಟ, ಬಳ್ಳಾರಿ

ಎರಡೂ ಒಳ್ಳೆಯ ಪ್ರಶ್ನೆಗಳು. ಚೌಕದಿಂದ ಆರಂಭಿಸುತ್ತೇನೆ, ಏಕೆಂದರೆ ಇದನ್ನು ಒಮ್ಮೆ ಅರಿತವರಿಗೆ ಅಂಚಿನ ಕಪ್ಪುಗೆರೆ, ಬಿಳಿಗೆರೆಗಳ ಮೂಲವೂ ತಿಳಿದುಹೋಗುತ್ತದೆ.

ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಗಣಿತವನ್ನು ಲುಕಾಸ್‌ಫಿಲ್ಮ್‌ನಲ್ಲಿದ್ದ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಬರೆದಿಟ್ಟರು, ನೀವು ಬಳಸುವ ಮರ್ಜ್ ನೋಡ್ ಇಂದಿಗೂ ಅದನ್ನೇ ಮಾಡುತ್ತದೆ. ಮುಂದಿನ ಚಿತ್ರದ ಬಣ್ಣವನ್ನು ಹಾಗೆಯೇ ಇಟ್ಟು, ಹಿಂದಿನದನ್ನು ಮುಂದಿನದರ ಆಲ್ಫಾ (ಮ್ಯಾಟಿನಿಂದ ಬರುವ, ಪ್ರತಿ ಪಿಕ್ಸೆಲ್ ಎಷ್ಟು ಮುಚ್ಚುತ್ತದೆ ಎಂಬ ಅಂಕಿ) ಎಷ್ಟು ಮುಚ್ಚಿದೆಯೋ ಅಷ್ಟು ಕಡಿಮೆ ಮಾಡಿ, ಎರಡನ್ನೂ ಕೂಡಿಸುತ್ತದೆ. ಮುಂದಿನ ಚಿತ್ರದ ಬಣ್ಣ ಆಲ್ಫಾದಿಂದ ಮೊದಲೇ ಗುಣಿಸಲ್ಪಟ್ಟಿದೆ ಎಂದು ಅದು ನಂಬಿರುತ್ತದೆ. ಇದಕ್ಕೇ ಪ್ರೀಮಲ್ಟಿಪ್ಲೈ ಎನ್ನುತ್ತಾರೆ. ಆಲ್ಫಾ ಸೊನ್ನೆ ಇರುವಲ್ಲಿ ಬಣ್ಣವೂ ಸೊನ್ನೆಯಾಗಿರಬೇಕು. ನೀವು ಕೀ ಆದ ಮೇಲೆ ಬಣ್ಣ ತಿದ್ದುವ ಗ್ರೇಡ್ ನೋಡ್‌ನಲ್ಲಿ ಎಲ್ಲ ಪಿಕ್ಸೆಲ್‌ಗಳಿಗೂ 0.07ರಷ್ಟು ಕೂಡಿಸಿದಿರಿ, ಆಗ ಖಾಲಿ ಜಾಗದ ಸೊನ್ನೆಯೂ 0.07 ಆಯಿತು, ಮರ್ಜ್ ಅದನ್ನು ಆಕಾಶಕ್ಕೆ ಸುರಿಯಿತು. ಗ್ರೇಡ್ ನೋಡ್‌ನಲ್ಲಿ ಅನ್‌ಪ್ರೀಮಲ್ಟ್ ಎಂಬ ಗುರುತು ಪೆಟ್ಟಿಗೆ ಇದೆ, ಅದನ್ನು ಒತ್ತಿ. ಆಗ ಅದು ಮೊದಲು ಆಲ್ಫಾದಿಂದ ಭಾಗಿಸಿ, ಬಣ್ಣ ತಿದ್ದಿ, ಮತ್ತೆ ಗುಣಿಸಿ ಹೊರಗೆ ಕೊಡುತ್ತದೆ. ಖಾಲಿ ಜಾಗ ಸೊನ್ನೆಯಿಂದ ಗುಣಿಸಲ್ಪಟ್ಟು ಖಾಲಿಯಾಗಿಯೇ ಉಳಿಯುತ್ತದೆ. ಬಣ್ಣ ತಿದ್ದುವುದಾದರೆ ಭಾಗಿಸಿ ತಿದ್ದಬೇಕು, ಮಸುಕು ಮಾಡುವುದು ಅಥವಾ ಸರಿಸುವುದಾದರೆ ಗುಣಿಸಿದ ಮೇಲೆ ಮಾಡಬೇಕು. ಈ ಅನುಕ್ರಮವನ್ನು ನಾನು ಮೇಜಿನ ಮುಂದೆ ಬರೆದು ಅಂಟಿಸಿಕೊಂಡಿದ್ದೇನೆ.

ಇನ್ನು ಕಿರೀಟ. ಹಸಿರು ಕಳೆಯುವ ಅತ್ಯಂತ ಸರಳ ನಿಯಮವೆಂದರೆ, ಯಾವ ಪಿಕ್ಸೆಲ್‌ನಲ್ಲೂ ಹಸಿರು ಕೆಂಪು ನೀಲಿಗಳ ಸರಾಸರಿಯನ್ನು ಮೀರಬಾರದು ಎಂಬುದು. ಬಿಳಿ ಧೋತರದಲ್ಲಿ ಮೂರೂ ಸಮವಿರುವುದರಿಂದ ಹೆಚ್ಚಾದ ಹಸಿರು ಮಾತ್ರ ಹೋಗುತ್ತದೆ. ಚಿನ್ನದ ಬಣ್ಣ ಹಾಗಲ್ಲ. ಅದರ ಅಂಕಿಗಳು ಕೆಂಪು 0.8, ಹಸಿರು 0.6, ನೀಲಿ 0.2 ಎಂದಿಟ್ಟುಕೊಳ್ಳಿ. ಕೆಂಪು ನೀಲಿಗಳ ಸರಾಸರಿ 0.5, ಆದ್ದರಿಂದ ಚಿನ್ನಕ್ಕೆ ಸಹಜವಾಗಿಯೇ ಇರಬೇಕಾದ 0.6ರ ಹಸಿರನ್ನೂ ನಿಯಮ ಕೆತ್ತಿಹಾಕುತ್ತದೆ, ಉಳಿಯುವುದು ತಾಮ್ರ. ಅರಿಶಿನ ಹಚ್ಚಿದ ಮುಖ, ಹಳದಿ ಶಲ್ಯಗಳಿಗೂ ಇದೇ ಗತಿ. ಅಂಥ ಕಡೆ ನಿಯಮವನ್ನು ಸಡಿಲಿಸಿ, ಹಸಿರು ಕೆಂಪು ನೀಲಿಗಳಲ್ಲಿ ಯಾವುದು ದೊಡ್ಡದೋ ಅದನ್ನು ಮೀರದಿದ್ದರೆ ಸಾಕು ಎಂದು ಮಾಡಿ. 0.6 ಎಂಬುದು 0.8ಕ್ಕಿಂತ ಕಡಿಮೆ ಇರುವುದರಿಂದ ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ, ಬೇಗಡೆಯಲ್ಲಿ ನಿಜಕ್ಕೂ ಹಸಿರು ಮಿಂಚಿದ ಚುಕ್ಕೆಗಳು ಮಾತ್ರ ತಗ್ಗುತ್ತವೆ. ಕಿರೀಟದ ಸುತ್ತ ಗೆರೆ ಎಳೆದು ಆ ಜಾಗವನ್ನು ಬೇರೆ ಮಾಡುವ ಒಂದು ಮಾಸ್ಕ್ ಬರೆದು ಈ ಎರಡನೆಯ ನಿಯಮವನ್ನು ಅಲ್ಲಿಗಷ್ಟೇ ಹಾಕಿ, ಉಳಿದ ಮೈಗೆ ಮೊದಲನೆಯದು ಇರಲಿ. ಒಂದೇ ನೋಡ್‌ನಲ್ಲಿ ಇಡೀ ವೇಷವನ್ನು ಸರಿಮಾಡಬೇಕೆಂಬ ಹಟವನ್ನು ಬಿಡುವುದು ಒಳ್ಳೆಯದು.

ಮ್ಯಾಟಿಗೂ ಇದೇ ಮಾತು ಸಲ್ಲುತ್ತದೆ. ಮೈಯೊಳಗಿನ ತೂತುಗಳನ್ನು ಮುಚ್ಚಲು ಬಿಗಿಯಾದ ಒಂದು ಕೀ ಮಾಡಿ ಅದನ್ನು ನಾಲ್ಕೈದು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಕೂದಲಿಗೆ ಸಡಿಲವಾದ ಇನ್ನೊಂದು ಕೀ ಮಾಡಿ, ಎರಡನ್ನೂ ಕೂಡಿಸಿ. ಕಾಳು ಕಾಳಾಗಿ ಕಾಣುವ ಗ್ರೇನ್ ತೊಂದರೆ ಕೊಟ್ಟರೆ ಚಿತ್ರವನ್ನು ನಯಗೊಳಿಸಿ ಅದರಿಂದ ಮ್ಯಾಟನ್ನು ಮಾತ್ರ ತೆಗೆದು, ಬಣ್ಣವನ್ನು ಮೂಲ ಚಿತ್ರದಿಂದಲೇ ತನ್ನಿ.

ಕಿನ್ನಾಳ ಬಣ್ಣ, ಕೊಪ್ಪಳ

ಅಣ್ಣಾ, ನನ್ನದು ಇದಕ್ಕೆ ಹತ್ತಿರದ ಪ್ರಶ್ನೆ. ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಕಾಲೇಜಿನಲ್ಲಿ ತೊಗಲುಗೊಂಬೆಯ ಬಗ್ಗೆ ಒಂದು ಸಣ್ಣ ವಿಡಿಯೊ ಮಾಡಬೇಕೆಂದು ಹೊರಟಿದ್ದೇವೆ. ಹಿಂದಿನಿಂದ ದೀಪ ಬಿದ್ದ ಬಿಳಿ ಪರದೆಯ ಮೇಲೆ ಗೊಂಬೆಯನ್ನು ಆಡಿಸಿ ತೆಗೆದು, ಅದೇ ಗೊಂಬೆ ಕೊಪ್ಪಳದ ಕೋಟೆಯ ಗೋಡೆಯ ಮುಂದೆ ಆಡುವಂತೆ ತೋರಿಸಬೇಕು. ಬಿಳಿಯನ್ನು ಕೀ ಮಾಡಿ ತೆಗೆದರೆ ತೊಗಲಿನ ಕೆಂಪು, ಹಸಿರು ಬಣ್ಣಗಳು ರಟ್ಟಿನ ಹಾಗೆ ಸತ್ತುಹೋಗುತ್ತವೆ, ಕೊರೆದ ಸಣ್ಣ ತೂತುಗಳೂ ಮುಚ್ಚಿಹೋಗುತ್ತವೆ. ನಾನು ಆಫ್ಟರ್ ಎಫೆಕ್ಟ್ಸ್ ಬಳಸುತ್ತಿದ್ದೇನೆ.

ಕೋಟೆಬೆಟ್ಟ, ಬಳ್ಳಾರಿ

ತಂಗೀ, ಇಲ್ಲಿ ಕೀಯನ್ನೇ ಬಿಟ್ಟುಬಿಡು. ಕೀ ಎಂಬುದು ಬೆಳಕನ್ನು ತಡೆಯುವ ವಸ್ತುವಿಗೆ. ತೊಗಲನ್ನು ಹದಮಾಡಿ ತೆಳುವಾಗಿಸುವುದೇ ಬೆಳಕು ಅದರ ಮೂಲಕ ಹಾಯಲೆಂದು. ಕೆಂಪು ಬಳಿದ ತೊಗಲು ಕೆಂಪು ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಆದ್ದರಿಂದ ನಿನಗೆ ಬೇಕಾದದ್ದು ಗೊಂಬೆ ಪ್ರತಿ ಜಾಗದಲ್ಲಿ ಎಷ್ಟು ಬೆಳಕನ್ನು ಹಾಯಗೊಡುತ್ತದೆ ಎಂಬ ಅಂಕಿ, ಅದು ಭಾಗಾಕಾರದಿಂದ ಸಿಗುತ್ತದೆ.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಎಲ್ಲವನ್ನೂ ಲಾಕ್ ಮಾಡಿ, ಗೊಂಬೆ ಇಲ್ಲದ ಖಾಲಿ ಪರದೆಯನ್ನು ಕೆಲವು ಸೆಕೆಂಡು ತೆಗೆ. ಆಮೇಲೆ ಏನನ್ನೂ ಮುಟ್ಟದೆ ಆಟವನ್ನು ತೆಗೆ. ಗೊಂಬೆಯ ಚಿತ್ರವನ್ನು ಖಾಲಿ ಪರದೆಯ ಚಿತ್ರದಿಂದ ಭಾಗಿಸಿದರೆ ಖಾಲಿ ಇರುವಲ್ಲೆಲ್ಲ 1 ಬರುತ್ತದೆ, ದೀಪದ ಹತ್ತಿರ ಪ್ರಖರವಾಗಿಯೂ ಮೂಲೆಯಲ್ಲಿ ಮಂಕಾಗಿಯೂ ಇದ್ದ ವ್ಯತ್ಯಾಸ ಎರಡು ಚಿತ್ರಗಳಲ್ಲೂ ಒಂದೇ ಇರುವುದರಿಂದ ತಾನಾಗಿ ಅಳಿಸಿಹೋಗುತ್ತದೆ. ಗೊಂಬೆ ಇರುವಲ್ಲಿ ಆಯಾ ಬಣ್ಣ ಹಾಯುವ ಪ್ರಮಾಣ ಉಳಿಯುತ್ತದೆ. ಆ ಫಲವನ್ನು ಕೋಟೆಗೋಡೆಯ ಚಿತ್ರದಿಂದ ಗುಣಿಸು. ಗೋಡೆಯ ಕಲ್ಲುಗಳು ತೊಗಲಿನ ಬಣ್ಣದೊಳಗಿಂದ ಕಾಣುತ್ತವೆ, ತೂತು ತೂತಾಗಿಯೇ ಇರುತ್ತದೆ. ನಿನ್ನ ತಂತ್ರಾಂಶದಲ್ಲಿ ಕೆಳಗೆ ಗೊಂಬೆ, ಅದರ ಮೇಲೆ ಖಾಲಿ ಪರದೆಯನ್ನಿಟ್ಟು ಡಿವೈಡ್ ಮೋಡ್ ಹಾಕು. ಎರಡನ್ನೂ ಒಟ್ಟುಗೂಡಿಸಿ ಪ್ರೀಕಾಂಪ್ ಮಾಡಿ, ಅದನ್ನು ಗೋಡೆಯ ಮೇಲೆ ಮಲ್ಟಿಪ್ಲೈ ಮೋಡ್‌ನಲ್ಲಿ ಇಡು.

ಇದಕ್ಕೆ ಮುನ್ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ 32 ಬಿಟ್ ಆರಿಸಿ ಲೀನಿಯರ್ ಆಯ್ಕೆಯನ್ನು ಆನ್ ಮಾಡುವುದನ್ನು ಮರೆಯಬೇಡ. ವಿಡಿಯೊದಲ್ಲಿ ಬರೆದಿರುವ ಅಂಕಿ ಬೆಳಕಿನ ಅಳತೆಯಲ್ಲ. 255ರಲ್ಲಿ 128 ಎಂದರೆ ಅರ್ಧ ಬೆಳಕು ಎಂದು ತೋರುತ್ತದೆ, ನಿಜದಲ್ಲಿ ಅದು ಶೇಕಡಾ 22ರಷ್ಟು ಮಾತ್ರ. ಅರ್ಧ ಬೆಳಕಿಗೆ 188 ಆಗಬೇಕು. ಕೂಡಿಸುವುದು, ಭಾಗಿಸುವುದು, ಮಸುಕು ಮಾಡುವುದು ಎಲ್ಲವೂ ನಿಜವಾದ ಬೆಳಕಿನ ಅಂಕಿಗಳ ಮೇಲೆ ನಡೆದರೆ ಮಾತ್ರ ಕಣ್ಣಿಗೆ ಸರಿಬರುತ್ತದೆ. ನೇಟ್ರಾನ್ ಚಿತ್ರವನ್ನು ಓದುವಾಗಲೇ ಈ ಪರಿವರ್ತನೆ ಮಾಡಿಕೊಳ್ಳುತ್ತದೆ, ನಿನ್ನಲ್ಲಿ ನೀನೇ ಮಾಡಬೇಕು. ಇನ್ನೊಂದು, ಎಣ್ಣೆಯ ದೀಪವಿಟ್ಟು ತೆಗೆದರೆ ಜ್ವಾಲೆ ಅಲುಗಿ ಭಾಗಾಕಾರ ಹೊಂದುವುದಿಲ್ಲ. ಚಿತ್ರೀಕರಣಕ್ಕೆ ನಿಶ್ಚಲವಾದ ಬಲ್ಬ್ ಇಟ್ಟು, ದೀಪದ ಓಲಾಟವನ್ನು ಕೊನೆಯಲ್ಲಿ ಬೆಳಕಿನ ಏರಿಳಿತವಾಗಿ ಸೇರಿಸು.

ಬಿಸಿಲೂರು, ರಾಯಚೂರು

ರೆಂಡರ್, ಅಂದರೆ ಮುಗಿದ ಚಿತ್ರವನ್ನು ಕಡತಕ್ಕೆ ಬರೆಸುವುದರ ಬಗ್ಗೆ ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ನೇರವಾಗಿ ಒಂದೇ ವಿಡಿಯೊ ಕಡತಕ್ಕೆ ರೆಂಡರ್ ಹಾಕಿದ್ದಾಗ ಶೇಕಡಾ 90ರಲ್ಲಿ ಕರೆಂಟ್ ಹೋಗಿ, ಒಂದು ರಾತ್ರಿಯ ಕೆಲಸ ತೆರೆಯಲಾಗದ ಕಡತವಾಯಿತು. ಅಂದಿನಿಂದ ಬಿಡಿ ಫ್ರೇಮ್‌ಗಳಾಗಿಯೇ ರೆಂಡರ್ ಮಾಡುತ್ತೇನೆ, 1,240ರಲ್ಲಿ ನಿಂತರೆ 1,240ರಿಂದಲೇ ಮುಂದುವರಿಸಬಹುದು. ಕಡೆಯ ಫ್ರೇಮ್ ಅರ್ಧ ಬರೆದಿರುತ್ತದಾದ್ದರಿಂದ ಅದನ್ನು ಅಳಿಸಿ ಆರಂಭಿಸಿ.

ಮಧ್ಯದ ಹಂತಗಳಿಗೆ ಇಎಕ್ಸ್‌ಆರ್ ಎಂಬ ಬಗೆಯ ಚಿತ್ರಕಡತ ಒಳ್ಳೆಯದು, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. 1920×1080ರ ಒಂದು ಫ್ರೇಮ್ ಆಲ್ಫಾ ಸಹಿತ 16 ಬಿಟ್‌ನಲ್ಲಿ ಕುಗ್ಗಿಸದೆ ಇಟ್ಟರೆ ಸುಮಾರು 16.6 ಎಂಬಿ, ಒಂದು ನಿಮಿಷದ 1,500 ಫ್ರೇಮಿಗೆ ಸುಮಾರು 25 ಜಿಬಿ. ಜಿಪ್ ಕುಗ್ಗಿಸುವಿಕೆ ಆರಿಸಿದರೆ ಗುಣಮಟ್ಟ ಕೆಡದೆ ಇಳಿಯುತ್ತದೆ.

ತುಂಗಾತೀರ, ಗಂಗಾವತಿ

ಭಾನುವಾರ ಚಿತ್ರೀಕರಣ ಮುಗಿಯಿತು. ನಾಲ್ಕೂವರೆಯ ಬಿಸಿಲು, ಕಿರಿದಾದ ಬೆಂಚು, ಬಟ್ಟೆಯಿಂದ ಒಂಬತ್ತು ಅಡಿ ದೂರ. ಈ ಸಲ ಮ್ಯಾಟನ್ನು ಬಿಗಿ ಮಾಡುವ ಪ್ರಮೇಯವೇ ಬರಲಿಲ್ಲ. ಕಿರೀಟಕ್ಕೆ ಬೇರೆ ನಿಯಮ ಹಾಕಿದ್ದೇನೆ, ಚೌಕ ಹೋಗಿದೆ. ಬೆಟ್ಟದ ಬಳಿ ಇರುವಾಗ ಅವನ ಅಂಚು ಬಂಡೆಗಳ ಅಂಚಿಗಿಂತ ಚೂಪಾಗಿ ಕಾಣುತ್ತಿತ್ತು, ಪ್ಲೇಟಿನಲ್ಲಿ ಬಂಡೆಯಿಂದ ಆಕಾಶಕ್ಕೆ ಬಣ್ಣ ಬದಲಾಗಲು ಮೂರು ಪಿಕ್ಸೆಲ್ ಹಿಡಿಯುತ್ತದೆಂದು ಎಣಿಸಿ ಅವನನ್ನೂ ಅಷ್ಟೇ ಮಸುಕು ಮಾಡಿದೆ.

ಉಳಿದಿರುವುದು ಇಳಿಯುವ ದೃಶ್ಯ. ಪಾದ ಬಂಡೆಯನ್ನು ಮುಟ್ಟಿದರೂ ತೇಲಿದಂತಿದೆ. ಕಪ್ಪು ನೆರಳು ಹಾಕಿದರೆ ಮಸಿ ಬಳಿದ ಹಾಗಾಗುತ್ತದೆ.

ಕೋಟೆಬೆಟ್ಟ, ಬಳ್ಳಾರಿ

ಅಂಚಿನ ಪಿಕ್ಸೆಲ್ ಎಣಿಸಿದ್ದು ಬಹಳ ಒಳ್ಳೆಯದಾಯಿತು. ನೆರಳನ್ನೂ ಹಾಗೆಯೇ ಅಳೆದು ಮಾಡಿ. ನೆರಳು ಕಪ್ಪು ಬಣ್ಣವಲ್ಲ, ಬಿಸಿಲು ತಪ್ಪಿದ ಜಾಗ. ಆಕಾಶದ ಬೆಳಕು ಅಲ್ಲಿಗೂ ಬೀಳುತ್ತಿರುತ್ತದೆ. ಅದೇ ಬಂಡೆಯ ಮೇಲೆ ಗಿಡದ್ದೋ ಪಕ್ಕದ ಕಲ್ಲಿನದೋ ನಿಜವಾದ ನೆರಳು ಇದ್ದೇ ಇರುತ್ತದೆ. ನೆರಳಿನ ಒಳಗಿನ ಅಂಕಿಯನ್ನು ಅದರ ಪಕ್ಕದ ಬಿಸಿಲಿನ ಅಂಕಿಯಿಂದ ಭಾಗಿಸಿ, ಮೂರು ಚಾನೆಲ್‌ಗಳಿಗೂ ಬೇರೆ ಬೇರೆಯಾಗಿ. ಆ ಮೂರು ಅಂಕಿಗಳಿಂದ ಬಂಡೆಯನ್ನು ಗುಣಿಸಿದರೆ ಅದೇ ನಿಮ್ಮ ನೆರಳಿನ ಬಣ್ಣ. ಆಕಾರಕ್ಕೆ ಪಾತ್ರಧಾರಿಯ ಮ್ಯಾಟನ್ನೇ ಓರೆಯಾಗಿ ಮಲಗಿಸಿ, ದಿಕ್ಕನ್ನು ಆ ಗಿಡದ ನೆರಳಿನಿಂದ ನೋಡಿಕೊಳ್ಳಿ. ಪಾದದ ಬಳಿ ನೆರಳಿನ ಅಂಚು ಚೂಪಾಗಿರಲಿ, ತಲೆಯ ಕಡೆಗೆ ಹೋದಂತೆ ಮಸುಕಾಗುತ್ತ ಸಾಗಲಿ. ಇದಲ್ಲದೆ ಹಿಮ್ಮಡಿ ಕಲ್ಲಿಗೆ ತಾಗುವ ಗೆರೆಯಲ್ಲಿ ಆಕಾಶದ ಬೆಳಕೂ ಹೋಗದು, ಅಲ್ಲಿ ಎರಡು ಮೂರು ಪಿಕ್ಸೆಲ್ ಅಗಲದ ಇನ್ನಷ್ಟು ಗಾಢವಾದ ಒಂದು ಪಟ್ಟಿ ಬೇಕು. ತೇಲಿದಂತೆ ಕಾಣುವುದು ಆ ಪಟ್ಟಿ ಇಲ್ಲದ್ದರಿಂದ.

ತುಂಗಾತೀರ, ಗಂಗಾವತಿ

ಬಂಡೆಯ ಬಲಗಡೆ ಜಾಲಿಗಿಡದ ನೆರಳಿತ್ತು. ಅಳೆದೆ: ಕೆಂಪು 0.31, ಹಸಿರು 0.35, ನೀಲಿ 0.43. ಅದರಿಂದ ಗುಣಿಸಿ ಹಿಮ್ಮಡಿಯ ಕೆಳಗೆ ಪಟ್ಟಿ ಎಳೆದೆ, ಹನುಮಂತ ಬಂಡೆಯ ಮೇಲೆ ನಿಂತ. ಫ್ರೇಮ್ ಕೆಳಗೆ ಹಾಕಿದ್ದೇನೆ. ಈಗ ರೆಂಡರ್ ಹಚ್ಚಿದ್ದೇನೆ, 4,500 ಫ್ರೇಮ್‌ಗಳಲ್ಲಿ 312 ಆಗಿದೆ.